ಚರ್ಮದ ಮೇಲಿನ ಸುಂಕ ಇಳೀತು, ಕೂಲಿ ಏರ್ತದಾ?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

2025ರ ಜುಲೈ 24ಕ್ಕೆ ಬ್ರಿಟನ್ನಿನಲ್ಲಿ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಮರುದಿನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ವಿ. ಎದುರಿಗಿದ್ದ ಸಹೋದ್ಯೋಗಿ ಪೇಪರ್ ಮಡಚಿಟ್ಟು, "ಚರ್ಮದ ಮಾಲಿನ ಮ್ಯಾಲಿನ ಸುಂಕ ಪೂರಾ ಸೊನ್ನೆ ಮಾಡ್ತಾರಂತ ನೋಡ್ರಿ. ನಿಮ್ಮ ಮಂದಿಗೆ ಭಾರಿ ಲಾಭ" ಅಂದ್ರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದ್ರೆ ನಾನು ಫೈಲು ಬರೆದು ಹೊಟ್ಟೆ ಹೊರೆಯೋ ಗುಮಾಸ್ತ. ನಮ್ಮ ಮನೇಲಿ ರಂಪಿಗೆ ಮೂಲೆ ಸೇರಿದ್ದು ನಮ್ಮಪ್ಪನ ಕಾಲಕ್ಕೇ. ಆದರೂ ಚರ್ಮ ಅಂದ ಕೂಡಲೇ ಅವರ ಕಣ್ಣು ಹೊರಳಿದ್ದು ನನ್ನ ಕಡೆಗೆ. ಚರ್ಮಕ್ಕೆ ಜಾತಿ ಇದೆ ಅನ್ನೋದು ನಮ್ಮ ಊಟದ ಟೇಬಲ್ಲಿಗೂ ಗೊತ್ತು. ಒಪ್ಪಂದದ ಲಾಭ ಲೆಕ್ಕ ಹಾಕಿ ಹೇಳುವವರಿಗೆ ಮಾತ್ರ ಅದು ಗೊತ್ತಿಲ್ಲದ ಹಾಗೆ ಇರ್ತದೆ.

ಅವರು ಹೇಳಿದ ಸುಂಕದ ವಿಷಯ ಸುಳ್ಳಲ್ಲ. ನಮ್ಮ ಚರ್ಮದ ಸಾಮಾನು, ಶೂಗಳ ಮೇಲೆ ಬ್ರಿಟನ್ ಹಾಕುತ್ತಿದ್ದ ಸುಂಕ ಶೇ. 16ರವರೆಗೂ ಇತ್ತು, ಒಪ್ಪಂದದ ಪ್ರಕಾರ ಅದು ಹೋಗುತ್ತದೆ. ಅದಕ್ಕೆ ಬದಲಾಗಿ ಅವರ ವಿಸ್ಕಿ ಮೇಲಿನ ನಮ್ಮ ಸುಂಕ ಶೇ. 150ರಿಂದ 75ಕ್ಕೆ, ಹತ್ತು ವರ್ಷದೊಳಗೆ 40ಕ್ಕೆ ಇಳಿಯುತ್ತದೆ. ಚರ್ಮ ಮತ್ತು ಪಾದರಕ್ಷೆ ಉದ್ಯಮದಲ್ಲಿ ಸುಮಾರು 44 ಲಕ್ಷ ಜನ ಇದ್ದಾರೆ ಅಂತ ಚರ್ಮ ರಫ್ತು ಮಂಡಳಿಯೇ ಹೇಳುತ್ತದೆ. ನಾನು ಒಪ್ಪಂದದ ವಿರೋಧಿ ಅಲ್ಲ. ಮಾಲು ಹೆಚ್ಚು ಹೋದರೆ ಕೆಲಸ ಹೆಚ್ಚಾಗುತ್ತದೆ, ಅದು ಬೇಕು. ನನ್ನ ತಕರಾರು ಆ "ನಿಮ್ಮ ಮಂದಿಗೆ ಲಾಭ" ಅನ್ನೋ ಮಾತಿನ ಮೇಲೆ.

ಈ ತಕರಾರು ನನ್ನದಲ್ಲ, ಬಾಬಾಸಾಹೇಬರದು. ಅವರ 'ದ ಪ್ರಾಬ್ಲಮ್ ಆಫ್ ದ ರುಪೀ' 1923ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯ್ತು. ರೂಪಾಯಿ ಬೆಲೆ ಕುಸಿದಾಗ ರಫ್ತು ಏರ್ತದೆ, ಅದು ದೇಶಕ್ಕೇ ಲಾಭ ಅಂತ ಆಗಿನ ಪಂಡಿತರು ವಾದಿಸ್ತಿದ್ರು. ಬಾಬಾಸಾಹೇಬರು ಲೆಕ್ಕ ಬಿಚ್ಚಿ ತೋರಿಸಿದರು: ಆ ಲಾಭ ಪರದೇಶದಿಂದ ಬಂದದ್ದಲ್ಲ, ಇಲ್ಲಿಯ ಕೂಲಿಯವನ ಜೇಬಿನಿಂದ ಮಾಲೀಕನ ಜೇಬಿಗೆ ಹೋದದ್ದು. ಯಾಕಂದ್ರೆ ಸಾಮಾನಿನ ರೇಟು ಏರಿದಷ್ಟು ಬೇಗ ಕೂಲಿ ಏರೋದಿಲ್ಲ. ನಾವು ಅವರ ಫೋಟೋಗೆ ಹಾರ ಹಾಕುವಾಗ ಈ ಪುಸ್ತಕ ಮರೆತುಬಿಡ್ತೀವಿ, ಅದು ಬೇರೆ ಮಾತು.

ಅದೇ ಲೆಕ್ಕವನ್ನು ಇವತ್ತಿನ ಶೂಗೆ ಹಾಕಿ ನೋಡಿ. ಬಾಂಗ್ಲಾದೇಶದ ಮಾಲು ಬ್ರಿಟನ್ನಿಗೆ ಮೊದಲೇ ಸುಂಕವಿಲ್ಲದೆ ಹೋಗ್ತಿದೆ. ವಿಯೆಟ್ನಾಂಗೂ ಬ್ರಿಟನ್ ಜೊತೆ ಒಪ್ಪಂದ ಇದೆ. ಈಗ ನಮ್ಮದೂ ಸೊನ್ನೆ ಆದರೆ ಎಲ್ಲರೂ ಒಂದೇ ಗೆರೆ ಮೇಲೆ ನಿಂತ ಹಾಗೆ. ಆಮೇಲೆ ಖರೀದಿದಾರ ಕೇಳೋದು ಒಂದೇ, "ಜೋಡಿಗೆ ಎಷ್ಟು ಕಡಿಮೆ ಮಾಡ್ತೀರಿ?" ಮಾಲೀಕನಿಗೆ ಮಿಷಿನ್ ರೇಟು, ಕರೆಂಟ್ ರೇಟು ಇಳಿಸೋಕೆ ಬರಲ್ಲ. ಇಳಿಸೋಕೆ ಬರೋದು ಕೂಲಿ ಒಂದೇ. ತಮಿಳುನಾಡಿನ ಆಂಬೂರು ಸುತ್ತ ಮನೆಯಲ್ಲೇ ಕೂತು ಶೂವಿನ ಮೇಲ್ಭಾಗವನ್ನು ಕೈಯಿಂದ ಹೊಲಿಯುವ ಹೆಣ್ಣುಮಕ್ಕಳಿದ್ದಾರೆ. ಅವರು ಹೊಲಿದದ್ದು ಯುರೋಪಿನ ಅಂಗಡಿಗಳಿಗೆ ಹೋಗ್ತದೆ. ಜೋಡಿಗೆ ಇಷ್ಟು ಅಂತ ಕೂಲಿ, ಮಧ್ಯೆ ಒಬ್ಬ ಏಜೆಂಟ್. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಕಂಪನಿಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ. ಹೆಸರೇ ಇಲ್ಲದವಳಿಗೆ ಲಾಭ ಯಾವ ಖಾತೆಗೆ ಬೀಳಬೇಕು?

ಒಪ್ಪಂದದಲ್ಲಿ ಕಾರ್ಮಿಕರ ಅಧ್ಯಾಯ ಇದೆ ಅಂತ ಕೆಲವರು ಹೇಳ್ತಾರೆ. ಇದೆ, ನಿಜ. ಆದರೆ ಅದನ್ನು ವ್ಯಾಜ್ಯ ತೀರ್ಮಾನದ ವ್ಯವಸ್ಥೆಯಿಂದ ಹೊರಗಿಟ್ಟಿದ್ದಾರೆ. ಸುಂಕದ ಮಾತು ಮುರಿದರೆ ದಾವೆ ಹೂಡಬಹುದು, ಕಾರ್ಮಿಕರಿಗೆ ಕೊಟ್ಟ ಮಾತು ಮುರಿದರೆ ಕೂತು ಮಾತಾಡಬಹುದು, ಅಷ್ಟೇ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಬರೆದ ಫೈಲು ಯಾವ ಬೀರು ಸೇರ್ತದೆ ಅಂತ.

ಈಗ ಸೇವೆಗಳ ಕಡೆ ಬನ್ನಿ. ಅಲ್ಲಿ ನಮ್ಮ ಸಂಧಾನಕಾರರು ಬಹಳ ಚುರುಕಾಗಿದ್ರು. ಐಟಿ ಕಂಪನಿಯವರು ತಾತ್ಕಾಲಿಕವಾಗಿ ಬ್ರಿಟನ್ನಿಗೆ ಕಳಿಸುವ ನೌಕರರು ಅಲ್ಲಿಯ ಸಾಮಾಜಿಕ ಭದ್ರತೆಗೂ ಇಲ್ಲಿಯ ಪಿಎಫ್‌ಗೂ ಎರಡು ಕಡೆ ದುಡ್ಡು ಕಟ್ಟಬೇಕಿತ್ತು. ಅದನ್ನು ತಪ್ಪಿಸೋಕೆ ಪ್ರತ್ಯೇಕ ಒಡಂಬಡಿಕೆಯನ್ನೇ ಗಳಿಸಿಕೊಂಡು ಬಂದ್ರು. ಸುಮಾರು 75,000 ನೌಕರರಿಗೆ ಅನುಕೂಲ ಅಂತ ಸರ್ಕಾರ ಲೆಕ್ಕ ಕೊಟ್ಟಿತು. ಬೆಂಗಳೂರಿಗೆ ಇದು ದೊಡ್ಡ ಸುದ್ದಿ. ನಮ್ಮ ಹುಡುಗರೂ ಒಬ್ಬಿಬ್ಬರು ಆ ಸಾಲಿನಲ್ಲಿ ಇದ್ದಾರೆ, ಖುಷಿನೇ. ಆದರೆ ನೋಡಿ: ಲ್ಯಾಪ್‌ಟಾಪ್ ಹಿಡಿದು ವಿಮಾನ ಹತ್ತುವವನ ಪಿಎಫ್ ಎರಡು ಸಲ ಕಟ್ ಆಗಬಾರದು ಅಂತ ಎರಡು ದೇಶ ಕೂತು ಚೌಕಾಸಿ ಮಾಡ್ತವೆ. ಶೂ ಹೊಲಿಯುವ ಹೆಣ್ಣುಮಗಳಿಗೆ ಪಿಎಫ್ ಒಂದು ಸಲವೂ ಇಲ್ಲ ಅನ್ನೋದು ಆ ಮೇಜಿನ ಮೇಲೆ ವಿಷಯವೇ ಆಗಲಿಲ್ಲ. ಮೇಜಿನ ಸುತ್ತ ಯಾರಿದ್ದರು, ಯಾರ ಮನೆಯ ಮಕ್ಕಳು ವಿಮಾನ ಹತ್ತುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾ?

ಅಡುಗೆಯವರು, ಸಂಗೀತಗಾರರು, ಯೋಗ ಕಲಿಸುವವರಿಗೂ ವರ್ಷಕ್ಕೆ 1,800ರ ತನಕ ದಾರಿ ಮಾಡಿಕೊಟ್ಟಿದ್ದಾರೆ. ಮನುಷ್ಯರು ಹೋದ ಕಡೆ ಜಾತಿನೂ ಹೋಗ್ತದೆ, ಅದಕ್ಕೆ ವೀಸಾ ಬೇಡ. ಬಿಹಾರದ ಆದಿವಾಸಿ ಮಹಿಳೆಯೊಬ್ಬರನ್ನು ಇಂಗ್ಲೆಂಡಿನ ಒಂದು ಭಾರತೀಯ ಮನೆಯಲ್ಲಿ ವರ್ಷಗಟ್ಟಲೆ ಪುಡಿಗಾಸಿಗೆ ದುಡಿಸಿಕೊಂಡರು. 2015ರಲ್ಲಿ ಅಲ್ಲಿಯ ಉದ್ಯೋಗ ನ್ಯಾಯಮಂಡಳಿ ಆಕೆಗೆ 1 ಲಕ್ಷ 83 ಸಾವಿರ ಪೌಂಡಿಗೂ ಹೆಚ್ಚು ಬಾಕಿ ಸಂಬಳ ಕೊಡಿಸಿತು. ಅದಕ್ಕೂ ಮೊದಲೇ, 2013ರಲ್ಲಿ, ಸಮಾನತೆ ಕಾಯ್ದೆಗೆ ಜಾತಿಯನ್ನು ಸೇರಿಸಲೇಬೇಕು ಅಂತ ಬ್ರಿಟನ್ ಸಂಸತ್ತು ತಿದ್ದುಪಡಿ ಮಾಡಿತ್ತು. 2018ರಲ್ಲಿ ಅಲ್ಲಿಯ ಸರ್ಕಾರ ಅದು ಬೇಡ, ಕೋರ್ಟ್ ತೀರ್ಪುಗಳೇ ಸಾಕು ಅಂತ ಕೈಚೆಲ್ಲಿತು. ಜನರನ್ನು ಕಳಿಸುವ ಒಪ್ಪಂದ ಮಾಡ್ಕೊಂಡ ಎರಡೂ ಸರ್ಕಾರಕ್ಕೆ ಈ ಬಾಕಿ ನೆನಪಾಗಲಿಲ್ಲ.

ಕಚ್ಚಾ ಮಾಲಿನ ಕಥೆ ಇನ್ನೂ ಕೆಟ್ಟದು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನು ಕಾರಿಗೆ ಕಟ್ಟಿ ಬಡಿದರು. 2025ರ ಬಜೆಟ್ಟಿನಲ್ಲಿ ವೆಟ್ ಬ್ಲೂ ಅನ್ನೋ ಅರೆ ಹದ ಮಾಡಿದ ತೊಗಲಿನ ಮೇಲಿನ ಆಮದು ಸುಂಕ ಪೂರ್ತಿ ತೆಗೆದರು, ರಫ್ತುದಾರರಿಗೆ ಮಾಲು ಸಿಗಲಿ ಅಂತ. ಹೊರಗಿನ ತೊಗಲು ರಾಜಮರ್ಯಾದೆಯಿಂದ ಬಂದರಿಗೆ ಬಂದಿಳಿತದೆ. ನಮ್ಮೂರ ಹೊಲದಲ್ಲಿ ಸತ್ತ ಎತ್ತಿನ ತೊಗಲು ಹೊತ್ತವನಿಗೆ ದಾರೀಲಿ ಜೀವಭಯ. ಯಾವುದೇ ವಾಣಿಜ್ಯ ಮಂತ್ರಿ ಇದನ್ನು ವ್ಯಾಪಾರದ ಅಡೆತಡೆ ಅಂತ ಪಟ್ಟಿ ಮಾಡಿದ್ದು ನಾನಂತೂ ಓದಿಲ್ಲ.

ನಮ್ಮ ಕಡೆಯದೂ ಒಂದು ಮಾತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿ ಸಿಕ್ಕಾಗ ಅದರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇದ್ದವು. ಅಥಣಿ, ನಿಪ್ಪಾಣಿ ಕಡೆ ಹೋಗಿ ನೋಡಿ, ಅಟ್ಟೆ ಬಡಿಯೋದು ಗಂಡಸರು, ಹೆಣಿಗೆ ಹಾಕೋದು ಮನೆಯ ಹೆಣ್ಣುಮಕ್ಕಳು. 2025ರಲ್ಲಿ ಪ್ರಾಡಾ ಕಂಪನಿ ಅದೇ ತರದ ಚಪ್ಪಲಿಯನ್ನು ಮಿಲಾನಿನ ಷೋನಲ್ಲಿ ತೋರಿಸಿ, ಗಲಾಟೆ ಆದ ಮೇಲೆ ಭಾರತದ ಮೂಲವನ್ನು ಒಪ್ಪಿಕೊಂಡು, ಡಿಸೆಂಬರಿನಲ್ಲಿ ಲಿಡ್ಕರ್ ಮತ್ತು ಮಹಾರಾಷ್ಟ್ರದ ಚರ್ಮ ನಿಗಮದ ಜೊತೆ ಒಪ್ಪಂದ ಮಾಡ್ಕೊಂಡಿತು. 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ. ಅದು ಇಟಲಿ ವ್ಯವಹಾರ, ಬ್ರಿಟನ್ನಿಂದಲ್ಲ. ಆದರೆ ಗಲಾಟೆ ಮಾಡಿದ್ದಕ್ಕೇ ಅಷ್ಟಾದರೂ ಆಯ್ತು ಅನ್ನೋದು ನೆನಪಿರಲಿ.

ಹಾಗಾಗಿ ನಾನು ಕೇಂದ್ರ ವಾಣಿಜ್ಯ ಇಲಾಖೆಗೆ ಒಂದು ಆರ್‌ಟಿಐ ಅರ್ಜಿ ಬರೀತಿದ್ದೀನಿ. ಬ್ರಿಟನ್ನಿಗೆ ಚರ್ಮದ ಮಾಲು ಕಳಿಸುವ ರಫ್ತುದಾರರಲ್ಲಿ ಪರಿಶಿಷ್ಟರ ಮಾಲೀಕತ್ವದ ಘಟಕ ಎಷ್ಟು? ಮನೆಯಲ್ಲಿ ಕೂತು ಹೊಲಿಯುವವರ ಲೆಕ್ಕ ಎಲ್ಲಿದೆ? ಸುಂಕ ವಿನಾಯಿತಿ ಪಡೆಯುವ ಕಂಪನಿಗೆ ಕೂಲಿಯ ಬಗ್ಗೆ ಏನಾದರೂ ಷರತ್ತು ಇದೆಯಾ? ಲಿಡ್ಕರ್‌ಗೆ ಇನ್ನೊಂದು ಅರ್ಜಿ: ನಮ್ಮ ಕುಶಲಕರ್ಮಿಗಳಲ್ಲಿ ಎಷ್ಟು ಜನರಿಗೆ ಸ್ವಂತ ಹೆಸರಲ್ಲಿ ರಫ್ತು ಕೋಡ್ ಮಾಡಿಸಿಕೊಟ್ಟಿದ್ದೀರಿ? "ಮಾಹಿತಿ ಲಭ್ಯವಿಲ್ಲ" ಅಂತ ಬಂದರೂ ಬರಲಿ, ಅದನ್ನೇ ಹಿಡ್ಕೊಂಡು ನಮ್ಮ ಸಂಸದರ ಮನೆ ಬಾಗಿಲಿಗೆ ಹೋಗೋಣ.

ಅರ್ಜಿ ಫೀ 10 ರೂಪಾಯಿ. ಕರಡು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ಆಂಬೂರು, ಆಗ್ರಾ ಕಡೆಯ ಸಂಘದವರ ಪರಿಚಯ ಇದ್ದವರಿದ್ದರೆ ಬೇಗ ತಿಳಿಸಿ. ಅಲ್ಲಿಯ ಕೂಲಿ ರೇಟು ಅವರ ಬಾಯಿಂದಲೇ ಕೇಳ್ಕೊಂಡು ಅರ್ಜಿಗೆ ಲಗತ್ತಿಸಬೇಕು ಅಂತಿದ್ದೀನಿ.