ಯಾದಿಯಲ್ಲಿ ಬಿಟ್ಟುಹೋದ ಸಾಲು

ದೀಪಾವಳಿಯ ಸಂಜೆ ವಡೋದರೆಯ ಗೋರ್ವಾದಲ್ಲಿ ಕೈಗಾರಿಕಾ ವಸಾಹತಿನ ಶೆಡ್ಡುಗಳ ಬಾಗಿಲಿಗೆ ತೋರಣ ಕಟ್ಟುತ್ತಾರೆ. ಒಳಗೆ ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕ ಮಣೆಯ ಮೇಲೆ ಕುಳಿತಿರುತ್ತದೆ. ಮೊದಲ ಪುಟದಲ್ಲಿ ಶುಭ, ಲಾಭ ಎಂಬ ಎರಡು ಶಬ್ದಗಳು. ಗುಜರಾತಿಗಳ ಈ ಚೋಪಡಾ ಪೂಜೆ ಈಗ ಕಂಪ್ಯೂಟರಿಗೂ ಸಲ್ಲುತ್ತದೆ. ರಿಫೈನರಿ, ರಸಗೊಬ್ಬರ, ಪೆಟ್ರೋಕೆಮಿಕಲ್ ಕಾರ್ಖಾನೆಗಳ ನೌಕರಿಗಾಗಿ ಬೆಳಗಾವಿ, ಧಾರವಾಡದ ಕಡೆಯಿಂದ ಬಂದು ನೆಲೆಗೊಂಡ ಕನ್ನಡ ಜೈನ ಕುಟುಂಬಗಳಿಗೂ ಇದು ಪರಕೀಯವೆನಿಸದು. ಲೆಕ್ಕವನ್ನು ಪೂಜಿಸುವ ಊರಿನಲ್ಲಿ ಲೆಕ್ಕವನ್ನು ಪ್ರೀತಿಸುವ ಸಮಾಜ. ಪಾಲುಗಾರಿಕೆಯ ಪತ್ರವಿಲ್ಲದೆ ಸ್ವಂತ ತಮ್ಮನೊಡನೆಯೂ ಅಂಗಡಿ ತೆರೆಯದ ಶ್ರಾವಕ, ಮಗಳನ್ನು ಕೊಡುವಾಗ ಮಾತ್ರ ಒಮ್ಮೆಲೇ ವೈರಾಗ್ಯಮೂರ್ತಿಯಾಗುತ್ತಾನೆ. "ಬೀಗರೊಳಗೆ ಬರವಣಿಗೆ ಯಾಕೆ?" ಎನ್ನುತ್ತಾನೆ.

ಬರವಣಿಗೆ ಇಲ್ಲವೆಂಬುದೂ ಪೂರ್ತಿ ನಿಜವಲ್ಲ. ಬೆಳಗಾವಿ, ಚಿಕ್ಕೋಡಿ, ಕೊಲ್ಹಾಪುರದ ಗಡಿಸೀಮೆಯಲ್ಲಿ ಮದುವೆ ಗೊತ್ತಾದೊಡನೆ ಹಿರಿಯರು ಕೂತು ಯಾದಿ ಮಾಡುವ ರೂಢಿ ಉಂಟು. ಅರಿಶಿನ ಕುಂಕುಮ ಹಚ್ಚಿದ ಹಾಳೆಯ ಮೇಲೆ ಬಂಗಾರ ಎಷ್ಟು ತೊಲ, ಪಾತ್ರೆ ಯಾವುವು, ಮಂಟಪದ ಖರ್ಚು ಯಾರದು, ಯಾರಿಗೆ ಎಂಥ ಆಹೇರು ಎಂಬುದೆಲ್ಲ ಇಳಿಯುತ್ತದೆ. ಗುಜರಾತಿಗೆ ಬಂದ ಮೇಲೆ ಆ ಹಾಳೆ ವಾಟ್ಸಾಪಿಗೆ ಏರಿರಬಹುದು, ಅಷ್ಟೇ. ಏನೇನು ಕೊಡಬೇಕು ಎಂಬುದನ್ನು ಗ್ರಾಮಿನ ತನಕ ಬರೆಯುವ ಆ ಹಾಳೆಯಲ್ಲಿ ಒಂದೇ ಒಂದು ಸಾಲು ತಪ್ಪಿಹೋಗುತ್ತದೆ: ಕೊಟ್ಟ ಮೇಲೆ ಅದು ಯಾರದು? ಆ ಸಾಲನ್ನು ಬರೆಯುವುದಕ್ಕೆ ಇಂದಿನ ಹೆಸರು ವಿವಾಹಪೂರ್ವ ಕರಾರು. ಹೆಸರು ಕೇಳಿದೊಡನೆ ಬೀಗರು ಎದ್ದುಹೋಗುತ್ತಾರೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಗೋರ್ವಾದ ಹುಡುಗಿ, ವಯಸ್ಸು 29, ಇಂಜಿನಿಯರು. ಭವಿಷ್ಯನಿಧಿ, ಮ್ಯೂಚುವಲ್ ಫಂಡು, ಅಜ್ಜಿ ಕೊಟ್ಟ ಬಳೆಗಳು ಅವಳ ಆಸ್ತಿ. ವರ ಹುಬ್ಬಳ್ಳಿಯವನು, ತಂದೆಯ ವ್ಯಾಪಾರದಲ್ಲಿ ಪಾಲುದಾರ. ಆ ಪಾಲುದಾರಿಕೆಯ ಬ್ಯಾಂಕ್ ಸಾಲಕ್ಕೆ ಅವನ ವೈಯಕ್ತಿಕ ಜಾಮೀನು ಇದೆ ಎಂಬುದನ್ನು ಹುಡುಗಿಯ ಕಡೆಯವರು ಕೇಳಲಿಲ್ಲ, ಹುಡುಗನ ಕಡೆಯವರು ಹೇಳಲಿಲ್ಲ. ಮದುವೆಯಾಗಿ ವಡೋದರೆಯಲ್ಲಿ ಸಂಸಾರ ಹೂಡಿದರು. ಗಂಡನ ಗಳಿಕೆಯಿಂದ ಫ್ಲ್ಯಾಟಿನ ಕಂತು, ಹೆಂಡತಿಯ ಸಂಬಳದಿಂದ ಕಿರಾಣಿ, ಹಾಲು, ಶಾಲೆಯ ಫೀಜು. ಇಬ್ಬರೂ ಸಮನಾಗಿ ದುಡಿದರು, ಸಮನಾಗಿ ಖರ್ಚು ಮಾಡಿದರು. 12 ವರ್ಷಗಳ ನಂತರ ಒಬ್ಬರ ಹೆಸರಿನಲ್ಲಿ ಫ್ಲ್ಯಾಟು ಇದೆ, ಇನ್ನೊಬ್ಬರ ಹೆಸರಿನಲ್ಲಿ ಕಿರಾಣಿ ಅಂಗಡಿಯ ರಸೀದಿಗಳಿವೆ. ಯಾರೂ ಯಾರಿಗೂ ಮೋಸ ಮಾಡಿಲ್ಲ. ಈ ದೇಶದ ಕಾನೂನಿನಲ್ಲಿ, ಗೋವಾದಂಥ ಪ್ರದೇಶವನ್ನು ಬಿಟ್ಟರೆ, ಮದುವೆಯಿಂದಲೇ ಆಸ್ತಿ ಇಬ್ಬರದಾಗುವುದಿಲ್ಲ. ಪತ್ರದ ಮೇಲೆ ಯಾರ ಹೆಸರೋ ಅವರದು. ಮನೆಗೆಲಸದ ದುಡಿಮೆಯೂ ಆಸ್ತಿಗಳಿಕೆಗೆ ಸಲ್ಲಿಸಿದ ಪಾಲೇ ಎಂದು ಮದ್ರಾಸ್ ಹೈಕೋರ್ಟು 2023ರಲ್ಲಿ ಹೇಳಿತು, ನಿಜ. ಆದರೆ ಆ ಒಂದು ಮಾತನ್ನು ಹೇಳಿಸಿಕೊಳ್ಳಲು ಎಷ್ಟು ವರ್ಷ ಮೆಟ್ಟಿಲು ಹತ್ತಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗಮನಿಸಬೇಕಾದುದೇನೆಂದರೆ, ಈ ಕಥೆಯಲ್ಲಿ ವಿಚ್ಛೇದನದ ಸೊಲ್ಲೇ ಇಲ್ಲ. ವ್ಯಾಪಾರ ಕುಸಿಯಬಹುದು, ಗಂಡ ಅಕಾಲದಲ್ಲಿ ತೀರಿಕೊಳ್ಳಬಹುದು, ಮೈದುನಂದಿರು ಪಾಲು ಕೇಳಬಹುದು. ಅವಿಭಕ್ತ ಕುಟುಂಬದಲ್ಲಿ ಸೊಸೆ ಸದಸ್ಯೆ ಮಾತ್ರ. 2005ರ ತಿದ್ದುಪಡಿ ಹುಟ್ಟಿದ ಮನೆಯಲ್ಲಿ ಮಗಳಿಗೆ ಸಮಾನ ಹಕ್ಕು ಕೊಟ್ಟಿತೇ ಹೊರತು, ಸೇರಿದ ಮನೆಯಲ್ಲಿ ಅವಳನ್ನು ಹಕ್ಕುದಾರಳನ್ನಾಗಿ ಮಾಡಲಿಲ್ಲ. ಕರಾರು ಎಂದೊಡನೆ ಜನ ಮುರಿದ ಮದುವೆಯನ್ನೇ ನೆನೆಯುತ್ತಾರೆ. ಮುರಿಯದ ಮದುವೆಯಲ್ಲಿಯೇ ಅದರ ಪ್ರಯೋಜನ ಹೆಚ್ಚು.

ಬಂಗಾರದ ಮಾತಿಗೆ ಬಂದರೆ ಸಮಾಜದ ಮುಖಕ್ಕೆ ಕನ್ನಡಿ ಹಿಡಿಯಲೇಬೇಕಾಗುತ್ತದೆ. ಸೊಸೆಯ ಒಡವೆ ಅತ್ತೆಯ ಲಾಕರಿನಲ್ಲಿ. ಕೀಲಿಕೈ ಮಾವನ ಬಳಿ. ವ್ಯಾಪಾರಕ್ಕೆ ತೊಂದರೆಯಾದಾಗ ಒಂದು ಮಧ್ಯಾಹ್ನ ಅದು ಅಡವಿನ ಅಂಗಡಿಗೆ ಹೋಗುತ್ತದೆ. ಹೋದದ್ದು ಸೊಸೆಗೆ ಹಬ್ಬದ ದಿನ ತಿಳಿಯುತ್ತದೆ. ಸ್ತ್ರೀಧನ ಹೆಂಡತಿಯ ಪೂರ್ಣ ಸ್ವತ್ತು, ಅದನ್ನು ಇಟ್ಟುಕೊಂಡ ಗಂಡ ಅಥವಾ ಅವನ ಮನೆಯವರು ಕೇವಲ ಕಾವಲುಗಾರರು, ಮರಳಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧವೇ ಆಗಬಹುದು ಎಂದು ಸರ್ವೋಚ್ಚ ನ್ಯಾಯಾಲಯ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದ್ದು 1985ರಲ್ಲಿ. ಅದಕ್ಕೂ ಎಷ್ಟೋ ಶತಮಾನ ಮೊದಲೇ ಜಿನಾಗಮ ಇದಕ್ಕೆ ಹೆಸರಿಟ್ಟಿದೆ: ಅದತ್ತಾದಾನ, ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ಅಣುವ್ರತ ಸ್ವೀಕರಿಸಿ ರಾತ್ರಿಭೋಜನ ಬಿಟ್ಟ ಮನೆಗಳು ಸೊಸೆಯ ಲಾಕರಿನ ವಿಷಯದಲ್ಲಿ ಅಚೌರ್ಯವನ್ನು ಮರೆಯುವುದು ಯಾವ ಧರ್ಮ? ಪರಿಗ್ರಹ ಪರಿಮಾಣ ವ್ರತವೂ ಮೊದಲು ಕೇಳುವುದು ಎಣಿಕೆಯನ್ನೇ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಎಂದು ಒಂದೊಂದನ್ನೂ ಹೆಸರಿಸಿ ಮಿತಿ ಹಾಕಿಕೊಳ್ಳಬೇಕಾದ ಗೃಹಸ್ಥನಿಗೆ, ಅದರಲ್ಲಿ ತನ್ನದು ಎಷ್ಟು, ಹೆಂಡತಿಯದು ಎಷ್ಟು ಎಂಬುದೇ ಗೊತ್ತಿಲ್ಲದಿದ್ದರೆ ವ್ರತಕ್ಕೆ ಅರ್ಥವೇನು?

ಇನ್ನು ಕಾನೂನು. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ವಿವಾಹಪೂರ್ವ ಕರಾರಿನ ಪ್ರಸ್ತಾಪವಿಲ್ಲ. ಕ್ರೈಸ್ತರಿಗಾಗಿ ಇರುವ 1869ರ ವಿಚ್ಛೇದನ ಕಾಯಿದೆಯ 40ನೆಯ ಕಲಮು ಮಾತ್ರ ಮದುವೆಗೆ ಮೊದಲು ಮಾಡಿಕೊಂಡ ಆಸ್ತಿ ಒಪ್ಪಂದಗಳನ್ನು ನ್ಯಾಯಾಲಯ ಪರಿಶೀಲಿಸಬಹುದು ಎನ್ನುತ್ತದೆ. ಹೆಂಡತಿಯನ್ನು ತವರಿನಿಂದ ಕರೆದೊಯ್ಯುವುದಿಲ್ಲವೆಂದು ಮದುವೆಗೆ ಮೊದಲು ಗಂಡ ಬರೆದುಕೊಟ್ಟ ಕರಾರನ್ನು ಕಲಕತ್ತಾ ಹೈಕೋರ್ಟು 1901ರಲ್ಲಿ ಅಸಿಂಧು ಎಂದಿತು. ಅಂದಿನಿಂದ, ಕರಾರೆಂದರೆಲ್ಲ ಅಸಿಂಧು ಎಂಬ ಅರ್ಧಜ್ಞಾನ ಹರಡಿಕೊಂಡಿದೆ. 1872ರ ಕರಾರು ಕಾಯಿದೆಯ 23ನೆಯ ಕಲಮು ತಳ್ಳಿಹಾಕುವುದು ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದವನ್ನು. ಜೀವನಾಂಶ ಕೇಳುವುದಿಲ್ಲ, ಮಗುವನ್ನು ಬಿಟ್ಟುಕೊಡುತ್ತೇನೆ, ಇಷ್ಟು ಹಣಕ್ಕೆ ವಿಚ್ಛೇದನ ಎಂದು ಬರೆಸಿಕೊಂಡರೆ ಅದು ನಿಲ್ಲದು, ನಿಲ್ಲಲೂ ಬಾರದು. ಆದರೆ ಮದುವೆಯ ದಿನದಂದು ಯಾರ ಬಳಿ ಏನಿತ್ತು, ಯಾರ ಮೇಲೆ ಯಾವ ಸಾಲವಿತ್ತು, ಮುಂದೆ ಕೊಳ್ಳುವ ಮನೆಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ಬರೆದಿಡುವುದರಲ್ಲಿ ಯಾವ ನೀತಿ ಕೆಡುತ್ತದೆ? ಅದು ಸಾಕ್ಷ್ಯ. ಸಾಕ್ಷ್ಯಕ್ಕೆ ನ್ಯಾಯಾಲಯದಲ್ಲಿ ಯಾವಾಗಲೂ ಬೆಲೆಯಿದೆ.

ಇಷ್ಟಕ್ಕೂ ಅರ್ಧ ಕರಾರನ್ನು ಸರ್ಕಾರವೇ ಕಡ್ಡಾಯ ಮಾಡಿ 40 ವರ್ಷಗಳಾದುವು. ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ, ವರನಿಗೆ ಬಂದವುಗಳ ಪಟ್ಟಿಯನ್ನು ವರನೂ ಇಟ್ಟುಕೊಳ್ಳಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಎಲ್ಲ ಅದರಲ್ಲಿರಬೇಕು. ಇಬ್ಬರೂ ಸಹಿ ಮಾಡಬೇಕು. ಮಂಟಪದಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬ ಅಣ್ಣ ಪುಸ್ತಕ ಹಿಡಿದು ಕೂತಿರುತ್ತಾನಲ್ಲ, ಅವನ ಪುಸ್ತಕಕ್ಕೆ ಎರಡು ಸಹಿ ಹಾಕಿಸಿದರೆ ಕಾನೂನು ಪಾಲಿಸಿದಂತೆಯೇ. ಹಾಕಿಸಿದ ಮನೆಗಳೆಷ್ಟು?

ಪಟ್ಟಿಯಿಂದ ಲಾಭ ಸೊಸೆಗೊಬ್ಬಳಿಗೇ ಅಲ್ಲ. ಆದಾಯ ತೆರಿಗೆಯವರು ಶೋಧಕ್ಕೆ ಬಂದಾಗ ವಿವಾಹಿತ ಸ್ತ್ರೀಯ ಹೆಸರಿನಲ್ಲಿ 500 ಗ್ರಾಂ, ಅವಿವಾಹಿತೆಗೆ 250 ಗ್ರಾಂ, ಪುರುಷನಿಗೆ 100 ಗ್ರಾಂ ಬಂಗಾರವನ್ನು ಮುಟ್ಟಬಾರದೆಂದು 1994ರ ಸೂಚನೆ ಇದೆ. ಅದರ ಮೇಲಿನದಕ್ಕೆ ವಿವರಣೆ ಕೊಡಬೇಕಾದವನು ಮನೆಯ ಯಜಮಾನ. ಆ ಹೊತ್ತಿನಲ್ಲಿ, ಸೊಸೆಯ ತವರಿನಿಂದ ಬಂದದ್ದು ಎಂಬ ಮಾತಿಗೆ ಸಹಿ ಮಾಡಿದ ಹಾಳೆಯೊಂದಿದ್ದರೆ ಮಾವನ ಎದೆಬಡಿತ ಇಳಿಯುತ್ತದೆ. ಇನ್ನೊಂದು ಸಂಗತಿ ವ್ಯಾಪಾರಿ ಮನೆಗಳಿಗೆ ರುಚಿಸೀತು. ಪ್ರತಿಫಲವಿಲ್ಲದೆ ಹೆಂಡತಿಗೆ ವರ್ಗಾಯಿಸಿದ ಆಸ್ತಿಯ ಆದಾಯವನ್ನು ಗಂಡನ ಲೆಕ್ಕಕ್ಕೇ ಸೇರಿಸುವುದು ತೆರಿಗೆ ಕಾನೂನಿನ ಹಳೆಯ ಪಾಠ. ಆದರೆ ಮದುವೆಗೆ ಮುನ್ನ ಭಾವೀ ಪತ್ನಿಗೆ ಕರಾರಿನ ಮೂಲಕ ಕೊಟ್ಟ ಷೇರುಗಳ ಪ್ರಕರಣದಲ್ಲಿ, ವರ್ಗಾವಣೆಯ ದಿನ ಅವರು ಪತಿಪತ್ನಿಯರಾಗಿರಲಿಲ್ಲವಾದ್ದರಿಂದ ಹಾಗೆ ಸೇರಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1963ರಲ್ಲಿಯೇ ತೀರ್ಮಾನಿಸಿದೆ. ತೆರಿಗೆ ಉಳಿಸಲು ಮದುವೆಗೆ ಮೊದಲು ಕಾಗದ ಮಾಡಬಹುದಂತೆ. ಮಗಳನ್ನು ಉಳಿಸಲು ಮಾಡಿದರೆ ಅಮಂಗಳವಂತೆ.

ಕಾಗದದ ಬಗ್ಗೆ ಗುಜರಾತಿಗೆ ನಿಜವಾಗಿಯೂ ಅಷ್ಟು ಸಂಕೋಚವಿದೆಯೇ? 1970 ಮತ್ತು 80ರ ದಶಕಗಳಲ್ಲಿ ಇದೇ ರಾಜ್ಯದಲ್ಲಿ, ಅಹಮದಾಬಾದಿನಂಥ ನಗರದಲ್ಲಿ, ಮೈತ್ರಿ ಕರಾರು ಎಂಬ ವಸ್ತು ಚಲಾವಣೆಗೆ ಬಂದಿತ್ತು. ಮದುವೆಯಾದ ಗಂಡಸು ಇನ್ನೊಬ್ಬ ಹೆಂಗಸಿನೊಡನೆ ಬಾಳಲು ಛಾಪಾ ಕಾಗದದ ಮೇಲೆ ಮಾಡಿಕೊಳ್ಳುತ್ತಿದ್ದ ಸ್ನೇಹಪತ್ರ ಅದು. ದ್ವಿಪತ್ನೀತ್ವವನ್ನು ಕಾನೂನು ನಿಷೇಧಿಸಿತ್ತು, ಗಂಡಸು ಕಾಗದದಲ್ಲಿ ಕಿಂಡಿ ಹುಡುಕಿದ. ಆ ಕಾಗದ ಕಾನೂನಿನ ಮುಂದೆ ನಿಲ್ಲಲಿಲ್ಲ, ನಂಬಿದ ಹೆಂಗಸಿಗೆ ಹೆಂಡತಿಯ ಸ್ಥಾನವೂ ದಕ್ಕಲಿಲ್ಲ. ಗಂಡಸಿಗೆ ಅನುಕೂಲವಿದ್ದಾಗ ಛಾಪಾ ಕಾಗದ ಸಂಸ್ಕೃತಿಗೆ ಅಡ್ಡಿಯಾಗಲಿಲ್ಲ ಎಂಬುದನ್ನು ಮರೆಯಬಾರದು.

ಇದು ಪಶ್ಚಿಮದ ಅನುಕರಣೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಆಕ್ಷೇಪಿಸುವವರು ಒಮ್ಮೆ ಮೂಡುಬಿದಿರೆ, ಕಾರ್ಕಳದ ಕಡೆ ನೋಡಲಿ. ತುಳುನಾಡಿನ ಜೈನರ ಅಳಿಯಸಂತಾನ ಕಟ್ಟಿನಲ್ಲಿ ಗಂಡನ ಕುಟುಂಬ ಬೇರೆ, ಹೆಂಡತಿಯ ಕುಟುಂಬ ಬೇರೆ; ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿಯುತ್ತಿತ್ತು. ಗಂಡುಮಕ್ಕಳಿಲ್ಲದ ಜೈನ ವಿಧವೆಗೆ ಗಂಡನ ಸ್ವಯಾರ್ಜಿತ ಆಸ್ತಿಯಲ್ಲಿ ಪೂರ್ಣ ಹಕ್ಕಿದೆ ಎಂಬ ಜೈನ ರೂಢಿಯನ್ನು ಪ್ರಿವಿ ಕೌನ್ಸಿಲ್ 1878ರಲ್ಲಿ ಎತ್ತಿಹಿಡಿಯಿತು. ಉಳಿದ ಹಿಂದೂ ವಿಧವೆಯರಿಗೆ ಆಗ ಜೀವಿತಾವಧಿಯ ಅನುಭೋಗವೇ ಹೆಚ್ಚು. ಇನ್ನು ವಡೋದರೆಯವರಿಗಂತೂ ಈ ಆಕ್ಷೇಪ ಶೋಭಿಸದು. ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನ 1904ರಲ್ಲಿ ಬಾಲ್ಯವಿವಾಹಕ್ಕೆ ತಡೆ ಹಾಕಿತು, 1931ರಲ್ಲಿ ಹಿಂದೂಗಳಿಗೆ ವಿಚ್ಛೇದನದ ಹಕ್ಕು ಕೊಟ್ಟಿತು. ಅತ್ತ ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಆಸ್ತಿಹಕ್ಕಿನ ಕಾಯಿದೆ ತಂದಿತು. ಬಿಟ್ಟುಬಂದ ನಾಡು, ಬಂದು ಸೇರಿದ ನಾಡು ಎರಡೂ ದೆಹಲಿಗಿಂತ ಮುಂದಿದ್ದುವು.

ಹಾಗೆಂದು ಕರಾರಿನ ಹೆಸರಿನಲ್ಲಿ ಬರುವುದನ್ನೆಲ್ಲ ಸ್ವಾಗತಿಸುವಂತಿಲ್ಲ. ಶ್ರೀಮಂತ ಮನೆಗಳಲ್ಲಿ ಈಗ ಇನ್ನೊಂದು ಬಗೆಯ ಪತ್ರಕ್ಕೆ ಆಸೆ ಹುಟ್ಟಿದೆ: ಸೊಸೆ ಏನನ್ನೂ ಕೇಳಳು ಎಂದು ಬರೆಸಿಕೊಳ್ಳುವ ಪತ್ರ. ಮದುವೆಗೆ ನಾಲ್ಕು ದಿನವಿರುವಾಗ, ಕರೆಯೋಲೆಗಳು ಹಂಚಿಯಾದ ಮೇಲೆ, ಹುಡುಗಿಯ ಮುಂದೆ ಹಾಳೆ ಚಾಚುವುದು ಬಲಾತ್ಕಾರವೇ ಹೊರತು ಒಪ್ಪಿಗೆಯಲ್ಲ. ನೋಟರಿಯ ಮೊಹರು ಅದನ್ನು ಶುದ್ಧಗೊಳಿಸದು. ವಿವಾಹಪೂರ್ವ ಕರಾರಿಗೆ ನಿರ್ಣಾಯಕ ತೂಕ ಕೊಡಬಹುದೆಂದು ಇಂಗ್ಲೆಂಡಿನ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದಾಗಲೂ, ಇಬ್ಬರೂ ಸ್ವತಂತ್ರವಾಗಿ, ಪರಿಣಾಮ ಅರಿತು ಮಾಡಿರಬೇಕು, ಪಾಲಿಸುವುದು ಅನ್ಯಾಯವಾಗಬಾರದು ಎಂಬ ಷರತ್ತು ಅಲ್ಲಿತ್ತು. ಮಕ್ಕಳನ್ನು ಲಂಡನ್ನಿಗೆ, ಅಮೆರಿಕಕ್ಕೆ ಕಳಿಸುವ ಮನೆಗಳು ಇದನ್ನು ತಿಳಿದಿರಲಿ. ಹುಡುಗಿಗೆ ಬೇರೆ ವಕೀಲರು, ಹುಡುಗನಿಗೆ ಬೇರೆ, ಇಬ್ಬರ ಸಾಲವೂ ಮೇಜಿನ ಮೇಲೆ, ನಿಶ್ಚಿತಾರ್ಥಕ್ಕೂ ಮುಂಚೆ.

ಕಾನೂನಿನ ದಾರಿ ದೂರವೇನಲ್ಲ. ವಾಪಿಯಿಂದ ರಿಕ್ಷಾ ಹಿಡಿದರೆ ದಮನ್. ಅಲ್ಲಿಯೂ, ದೀವ್‌ನಲ್ಲಿಯೂ, ಬೆಳಗಾವಿಯ ಬಗಲಲ್ಲೇ ಇರುವ ಗೋವಾದಲ್ಲಿಯೂ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ ಇಂದಿಗೂ ನಡೆಯುತ್ತಿದೆ. ಬೇರೆ ಮಾತಾಗದಿದ್ದರೆ ದಂಪತಿಗಳ ಆಸ್ತಿ ಸಮಪಾಲು. ಬೇರೆ ಬೇಕೆಂದರೆ ಮದುವೆಗೆ ಮುಂಚೆ ಅಧಿಕಾರಿಯ ಮುಂದೆ ಪತ್ರ ಮಾಡಬೇಕು, ಮದುವೆಯ ನಂತರ ಬದಲಿಸುವಂತಿಲ್ಲ. ಅಲ್ಲಿನ ಹಿಂದೂ ಮನೆಗಳೂ ತಲೆಮಾರುಗಳಿಂದ ಇದರೊಡನೆ ಬಾಳುತ್ತಿವೆ, ಸಂಸಾರಗಳು ಕುಸಿದಿಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತ್ ಸರ್ಕಾರ ಸಮಾನ ನಾಗರಿಕ ಸಂಹಿತೆಗಾಗಿ ನ್ಯಾಯಮೂರ್ತಿ ರಂಜನಾ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಅದಕ್ಕೂ ಕೆಲವೇ ದಿನ ಮೊದಲು ಜಾರಿಗೆ ಬಂದ ಉತ್ತರಾಖಂಡದ ಸಂಹಿತೆ, ಮದುವೆಯಾಗದೆ ಜೊತೆಗಿರುವವರೂ ನೋಂದಾಯಿಸಿಕೊಳ್ಳಬೇಕೆಂದು ಕಟ್ಟುಮಾಡಿತು. ಮದುವೆಯಾಗುವವರ ಆಸ್ತಿಪತ್ರಕ್ಕೆ ಅದರಲ್ಲಿ ಒಂದು ಅಧ್ಯಾಯವಿಲ್ಲ. ಪ್ರಭುತ್ವಕ್ಕೆ ಮಲಗುವ ಕೋಣೆಯ ಕುತೂಹಲವೇ ಹೆಚ್ಚು, ಲಾಕರಿನ ಚಿಂತೆ ಕಡಿಮೆ. ಗುಜರಾತಿನಲ್ಲಿ ವೋಟು ಹಾಕುವ, ಚುನಾವಣೆಗೆ ದೇಣಿಗೆ ಕೊಡುವ ಜೈನ ಸಮಾಜ ದಮನ್‌ನ ಆ ಒಂದು ಅಧ್ಯಾಯವನ್ನು ಕೇಳಬಾರದೇಕೆ? ಬಸದಿಯ ಜೀರ್ಣೋದ್ಧಾರಕ್ಕೆ ಮಂತ್ರಿಗಳ ಮನೆ ಬಾಗಿಲಿಗೆ ಹೋಗುವ ಮುಖಂಡರಿಗೆ ಈ ಅರ್ಜಿ ಭಾರವಾಗಲಾರದು.

ಸರ್ಕಾರಕ್ಕೆ ಕಾಯದೆ ಮಾಡಬಹುದಾದದ್ದೂ ಇದೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ 6ನೆಯ ಕಲಮಿನಡಿ ಗಂಡ ತನ್ನ ಜೀವವಿಮೆಯನ್ನು ಹೆಂಡತಿ ಮಕ್ಕಳ ಹೆಸರಿಗೆ ಮಾಡಿದರೆ ಆ ಹಣ ವಿಶ್ವಸ್ತ ನಿಧಿಯಾಗುತ್ತದೆ; ಸಾಲಗಾರರ ಕೈಗೆ ಸುಲಭವಾಗಿ ಸಿಗದು. ಈ ಸೌಲಭ್ಯವನ್ನು ವಿಸ್ತರಿಸಿದ ತಿದ್ದುಪಡಿಯಲ್ಲಿ ಜೈನರ ಹೆಸರನ್ನೇ ಪ್ರತ್ಯೇಕವಾಗಿ ಬರೆದಿದ್ದಾರೆ. ವಿಮೆ ಕೊಳ್ಳುವಾಗ ತುಂಬಬೇಕಾದದ್ದು ಒಂದು ಚಿಕ್ಕ ನಮೂನೆ. ವ್ಯಾಪಾರಿ ವರನಿಂದ ಯಾದಿಯ ದಿನ ಕಾರು ಕೇಳುವುದಕ್ಕಿಂತ ಇದನ್ನು ಕೇಳುವುದು ಲೇಸು.

ವಧು ವರ ಮೇಳಾವಗಳಲ್ಲಿ ಹಂಚುವ ಮಾಹಿತಿಪತ್ರವನ್ನೂ ತಿದ್ದಬಹುದು. ಎತ್ತರ, ಬಣ್ಣ, ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ ಎಂದು ಕೇಳುವ ಆ ಹಾಳೆಯಲ್ಲಿ ಸಾಲ ಎಷ್ಟು, ಯಾರ ಯಾರ ಸಾಲಕ್ಕೆ ಜಾಮೀನು ನಿಂತಿದ್ದೀರಿ ಎಂಬ ಎರಡು ಪ್ರಶ್ನೆ ಸೇರಲಿ. ಜಾಗ ಸಾಲದು ಎಂದರೆ, ಬಣ್ಣದ ಸಾಲನ್ನು ತೆಗೆಯಬಹುದು.