ಅಂಪೈರನ ಕೊನೆಯ ಅಸ್ತ್ರ

2025ನೆಯ ಇಸವಿ ಜೂನ್ 22, ಭಾನುವಾರ. ಅಮೆರಿಕದ ನೆಬ್ರಾಸ್ಕ ರಾಜ್ಯದ ಓಮಹ ನಗರದ ಮೈದಾನದಲ್ಲಿ 20,000ಕ್ಕೂ ಮಿಕ್ಕು ಜನ ಸೇರಿದ್ದರು. ಅಲ್ಲಿಯ ಕಾಲೇಜು ತಂಡಗಳ ಬೇಸ್‌ಬಾಲ್ ಪಂದ್ಯಾವಳಿಯ ಕೊನೆಯ ಘಟ್ಟ 1950ರಿಂದಲೂ ಇದೇ ಊರಿನಲ್ಲಿ ನಡೆಯುತ್ತ ಬಂದಿದೆ. ಅಂತಿಮ ಹಂತದಲ್ಲಿ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದವರಿಗೆ ಪಟ್ಟ. ಸತತವಾಗಿ 26 ಪಂದ್ಯಗಳನ್ನು ಗೆದ್ದು ಬಂದಿದ್ದ ಕೋಸ್ಟಲ್ ಕ್ಯಾರೊಲೈನ ವಿಶ್ವವಿದ್ಯಾಲಯದ ತಂಡವು ಹಿಂದಿನ ದಿನವಷ್ಟೇ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ 1–0ರಿಂದ ಸೋತಿತ್ತು. ಇನ್ನೊಂದು ಸೋಲೆಂದರೆ ಎಲ್ಲವೂ ಮುಗಿದಂತೆಯೇ. ಅಂಥ ಪಂದ್ಯದ ಮೊದಲನೆಯ ಇನಿಂಗ್ಸ್ ಮುಗಿಯುವುದರೊಳಗೇ ಕೋಸ್ಟಲ್ ತಂಡದ ಮುಖ್ಯ ತರಬೇತುದಾರ ಕೆವಿನ್ ಷ್ನಾಲ್ ಅವರನ್ನು ಅಂಪೈರನು ಆಟದಿಂದ ಹೊರಗೆ ಕಳುಹಿಸಿದನು. ಅವರ ಬೆನ್ನಿಗೇ ಸಹಾಯಕ ತರಬೇತುದಾರರೊಬ್ಬರೂ ಹೊರನಡೆಯಬೇಕಾಯಿತು. ಗದ್ದಲದ ನಡುವೆ ಅಂಪೈರನೊಬ್ಬ ಆಯತಪ್ಪಿ ಹಿಂದಕ್ಕೆ ಬಿದ್ದದ್ದೂ ಉಂಟು.

ಅಂಪೈರನ ಬೆರಳೆತ್ತಿದೊಡನೆ ತಲೆತಗ್ಗಿಸಿ ನಡೆಯುವ ಕ್ರಿಕೆಟ್ ಆಟಗಾರರನ್ನು ಕಂಡು ಬೆಳೆದ ನಮ್ಮವರಿಗೆ ಇದು ವಿಚಿತ್ರವಾಗಿ ತೋರಬಹುದು. ದುರ್ವರ್ತನೆಗಾಗಿ ಆಟಗಾರನನ್ನು ಪಂದ್ಯದಿಂದಲೇ ಹೊರಗಟ್ಟುವ ಅಧಿಕಾರ ಕ್ರಿಕೆಟ್ಟಿನ ನಿಯಮಾವಳಿಯಲ್ಲಿ ಸೇರಿದ್ದು 2017ರ ಅಕ್ಟೋಬರಿನಲ್ಲಿ. ಬೇಸ್‌ಬಾಲಿನಲ್ಲಾದರೋ ಅದು ಬಹು ಹಳೆಯ ಪದ್ಧತಿ. ಆ ಆಟದ ರಚನೆಯಲ್ಲೇ ಜಗಳಕ್ಕೆ ಅಷ್ಟು ಎಡೆಯಿದೆ.

ಬೇಸ್‌ಬಾಲಿನಲ್ಲಿ ಚೆಂಡನ್ನೆಸೆಯುವವನು ಪಿಚರ್. ಅವನು 60 ಅಡಿ 6 ಅಂಗುಲ ದೂರದಿಂದ ಎಸೆದ ಚೆಂಡು ಬ್ಯಾಟುಗಾರನನ್ನು ಮುಟ್ಟಲು ಅರ್ಧ ಸೆಕೆಂಡೂ ಹಿಡಿಯದು. ಬ್ಯಾಟುಗಾರನ ಪಕ್ಕದಲ್ಲಿ ನೆಲದ ಮೇಲೆ 17 ಅಂಗುಲ ಅಗಲದ ಒಂದು ಬಿಳಿಯ ಫಲಕವಿದೆ. ಚೆಂಡು ಆ ಫಲಕದ ಮೇಲುಗಡೆ, ಬ್ಯಾಟುಗಾರನ ಮೊಣಕಾಲಿನಿಂದ ಸುಮಾರು ಎದೆಯ ಮಟ್ಟದವರೆಗಿನ ಅವಕಾಶದಲ್ಲಿ ಹಾದುಹೋದರೆ ಅದು ‘ಸ್ಟ್ರೈಕ್’. ಅದರಾಚೆಗೆ ಹೋದ ಚೆಂಡನ್ನು ಬ್ಯಾಟುಗಾರ ಬೀಸದೆ ಬಿಟ್ಟರೆ ಅದು ‘ಬಾಲ್’. ಮೂರು ಸ್ಟ್ರೈಕಿಗೆ ಬ್ಯಾಟುಗಾರ ಔಟ್. ನಾಲ್ಕು ಬಾಲ್ ಆದರೆ ಅವನಿಗೆ ಮೊದಲನೆಯ ಬೇಸ್ ಉಚಿತ. ಈ ಅವಕಾಶದ ಚೌಕಟ್ಟನ್ನು ಯಾರೂ ಕಣ್ಣಿಗೆ ಕಾಣುವಂತೆ ಗೆರೆಯೆಳೆದು ಇಟ್ಟಿಲ್ಲ. ಅದು ಇರುವುದು ಫಲಕದ ಹಿಂದೆ ಬಗ್ಗಿ ನಿಂತ ಅಂಪೈರನ ಮನಸ್ಸಿನಲ್ಲಿ. ಒಂದು ಪಂದ್ಯದಲ್ಲಿ ಎಸೆಯಲ್ಪಡುವ ಚೆಂಡುಗಳು 250ಕ್ಕೂ ಹೆಚ್ಚು. ಪ್ರತಿಯೊಂದು ತೀರ್ಪಿನಲ್ಲಿಯೂ ಒಂದು ಪಕ್ಷಕ್ಕೆ ಅಸಮಾಧಾನವಾಗುವ ಸಂಭವವುಂಟು.

ಆದುದರಿಂದಲೇ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್.ಸಿ.ಎ.ಎ. ಸಂಸ್ಥೆಯು ಕಟ್ಟುನಿಟ್ಟಾದ ನಿಯಮವೊಂದನ್ನು ಇಟ್ಟಿದೆ: ಬಾಲ್, ಸ್ಟ್ರೈಕುಗಳ ವಿಚಾರದಲ್ಲಿ ವಾದ ಕೂಡದು. ಒಮ್ಮೆ ಎಚ್ಚರಿಕೆ ಕೊಟ್ಟ ಮೇಲೆಯೂ ವಾದ ಮುಂದುವರಿಸಿದ ಆಟಗಾರನಾಗಲಿ ತರಬೇತುದಾರನಾಗಲಿ ಹೊರಗೆ ಹೋಗಬೇಕು. ಹಾಗೆಂದ ಮಾತ್ರಕ್ಕೆ ಎಲ್ಲ ಪ್ರಶ್ನೆಗೂ ಬಾಯಿ ಕಟ್ಟಿದೆಯೆಂದಲ್ಲ. ನಿಯಮವನ್ನು ತಪ್ಪಾಗಿ ಅನ್ವಯಿಸಲಾಗಿದೆಯೆಂದು ತೋರಿದರೆ ಮುಖ್ಯ ತರಬೇತುದಾರನು ಬಂದು ವಿವರಣೆ ಕೇಳಬಹುದು. ಇನ್ನೊಂದು ಕೋನದಿಂದ ನೋಡುತ್ತಿದ್ದ ಸಹೋದ್ಯೋಗಿಯ ಅಭಿಪ್ರಾಯ ಪಡೆಯಿರೆಂದು ವಿನಂತಿಸಬಹುದು.

ಹೊರಗಟ್ಟುವ ಅಧಿಕಾರವನ್ನು ಯಾವಾಗ ಬಳಸಬೇಕೆಂಬುದಕ್ಕಿಂತಲೂ ಯಾವಾಗ ಬಳಸಬಾರದೆಂಬುದನ್ನೇ ಅಲ್ಲಿಯ ಅಂಪೈರರು ಮೊದಲು ಕಲಿಯುತ್ತಾರೆ. ಅವರ ಶಿಕ್ಷಣದಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಮೊದಲನೆಯದು, ಕೇಳಿಸದಂತೆ ಇರುವುದು. ತಂಡದ ಕಟ್ಟೆಯಿಂದ ತೇಲಿಬರುವ ಗೊಣಗಾಟಕ್ಕೆಲ್ಲ ಕಿವಿಗೊಟ್ಟರೆ ಆಟ ಸಾಗದು. ಮಕ್ಕಳ ಒಂದೊಂದು ಸಿಡುಕನ್ನೂ ಲೆಕ್ಕಕ್ಕಿಟ್ಟುಕೊಳ್ಳುವ ತಾಯಿ ಮನೆ ನಡೆಸಿಯಾಳೆ? ಎರಡನೆಯದು, ಗೊಣಗಾಟ ನಿಲ್ಲದಿದ್ದಾಗ ಕೇಳಿಸಿತೆಂದು ತಿಳಿಸುವುದು. ಅದಕ್ಕೆ ಒಂದು ನೋಟ, ‘ಸಾಕು, ಕೇಳಿದೆ’ ಎಂಬ ಒಂದು ಮಾತು ಸಾಲುತ್ತದೆ. ಮೂರನೆಯದು ಎಲ್ಲರಿಗೂ ತಿಳಿಯುವಂತೆ ಎಚ್ಚರಿಕೆ. ನಾಲ್ಕನೆಯದೇ ಹೊರಗಟ್ಟುವಿಕೆ. ಮೊದಲನೆಯ ಮೆಟ್ಟಿಲಿನಿಂದ ಕೊನೆಯದಕ್ಕೆ ಹಾರುವ ಸಂದರ್ಭಗಳೂ ಇಲ್ಲದಿಲ್ಲ: ಹೊಡೆದಾಟ, ಅಂಪೈರನ ಮೈಮುಟ್ಟುವುದು, ಬೇಕೆಂದೇ ಬ್ಯಾಟುಗಾರನ ಮೈಗೆ ಚೆಂಡೆಸೆಯುವುದು ಇವುಗಳಿಗೆ ಎಚ್ಚರಿಕೆಯ ಉಪಚಾರವಿಲ್ಲ.

ಮಾತು ಎಲ್ಲಿ ಮೇರೆ ಮೀರಿತೆಂದು ಅಳೆಯಲು ಅಂಪೈರರಲ್ಲಿ ಮೂರು ಪ್ರಶ್ನೆಗಳ ಒಂದು ಮೊಳಗೋಲಿದೆ. ಮಾತು ವ್ಯಕ್ತಿಗೆ ತಗಲಿತೆ? ಅದರಲ್ಲಿ ಹೊಲಸು ಬೆರೆಯಿತೆ? ಅದು ಹಿಂಜಿಹಿಂಜಿ ಬೆಳೆಯಿತೆ? ‘ಆ ಚೆಂಡು ಹೊರಗಿತ್ತು’ ಎಂದರೆ ಅದು ಚೆಂಡಿನ ಮೇಲಣ ಆಕ್ಷೇಪಣೆ. ಅನುಭವಿ ಅಂಪೈರನು ಅದನ್ನು ನುಂಗಿಕೊಳ್ಳುತ್ತಾನೆ. ‘ನೀನು ಕುರುಡ’ ಎಂದರೆ ಆಕ್ಷೇಪಣೆ ಚೆಂಡನ್ನು ಬಿಟ್ಟು ಮನುಷ್ಯನ ಮೇಲೆ ಬಂದಂತಾಯಿತು. ‘ನೀನು’ ಎಂಬ ಆ ಒಂದು ಪದದಿಂದ ಎಷ್ಟೋ ಆಟಗಾರರು ಮೈದಾನ ಬಿಡಬೇಕಾಗಿ ಬಂದಿದೆ. ಮಾತು ಮನೆ ಕೆಡಿಸಿತೆಂಬ ಗಾದೆ ಮೈದಾನಕ್ಕೂ ಸಲ್ಲುತ್ತದೆ. ಬಾಯಿ ತೆರೆಯದೆಯೇ ಅಪರಾಧ ಮಾಡುವವರೂ ಇದ್ದಾರೆ. ಚೆಂಡು ಎಷ್ಟು ದೂರ ಹೋಯಿತೆಂದು ಬ್ಯಾಟಿನ ತುದಿಯಿಂದ ಮಣ್ಣಿನಲ್ಲಿ ಗೆರೆಯೆಳೆದು ತೋರಿಸುವುದು ಅಂಥದೊಂದು. ನೆರೆದ ಸಾವಿರಾರು ಜನರ ಮುಂದೆ ಅಂಪೈರನನ್ನು ಹಂಗಿಸುವ ಮೂಕಾಭಿನಯ ಅದು.

ಗೆರೆಯನ್ನು ಅಸ್ತ್ರವಾಗಿ ಬಳಸಿದ ಅಂಪೈರನೂ ಉಂಟು. 1905ರಿಂದ 1941ರವರೆಗೆ ವೃತ್ತಿಪರ ನ್ಯಾಷನಲ್ ಲೀಗಿನ ಅಂಪೈರನಾಗಿದ್ದ ಬಿಲ್ ಕ್ಲೆಮ್ ವಾದ ಮಿತಿಮೀರಿದಾಗ ತನ್ನ ಬೂಟಿನಿಂದ ನೆಲದಲ್ಲಿ ಗೀಟು ಹಾಕಿ ಬೆನ್ನು ತಿರುಗಿಸಿ ನಡೆದುಬಿಡುತ್ತಿದ್ದ. ಆ ಗೀಟನ್ನು ದಾಟಿ ಬಂದವನು ಆಟದಿಂದ ಹೊರಗೆ. ಲಕ್ಷ್ಮಣರೇಖೆಯಂಥ ಆ ಗೀಟಿನ ಗುಟ್ಟು ಸುಲಭವಾದದ್ದು. ದಾಟಬೇಕೆ, ಹಿಂದಿರುಗಬೇಕೆ ಎಂಬ ನಿರ್ಧಾರ ಸಿಟ್ಟುಗೊಂಡವನ ಪಾಲಿಗೇ ಉಳಿಯುತ್ತಿತ್ತು. ಒಳ್ಳೆಯ ಎಚ್ಚರಿಕೆಯ ಲಕ್ಷಣ ಅದೇ.

ಹೊರಗಟ್ಟಿದ ಮರುಕ್ಷಣವೇ ನಿಜವಾದ ಪರೀಕ್ಷೆ. ಆಜ್ಞೆ ಕೊಟ್ಟ ಅಂಪೈರನು ಗೆದ್ದವನಂತೆ ಎದೆಯುಬ್ಬಿಸಿ ನಿಲ್ಲಬಾರದು. ಆ ಸ್ಥಳವನ್ನು ಬಿಟ್ಟು ಸರಿಯಬೇಕು. ಅವನ ಸಹೋದ್ಯೋಗಿ ನಡುವೆ ಬಂದು ಕೆರಳಿದವನನ್ನು ಮೆಲ್ಲಮೆಲ್ಲನೆ ದೂರಕ್ಕೆ ಕರೆದೊಯ್ಯಬೇಕು. ಪಂದ್ಯ ಮುಗಿದ ಮೇಲೆ ವರದಿ ಬರೆಯುವ ಕೆಲಸವಿದೆ. ಅದರಲ್ಲಿ ಯಾರು ಏನೆಂದರು, ಏನು ಮಾಡಿದರು ಎಂಬುದಷ್ಟೇ ಇರಬೇಕು. ಅಂಪೈರನ ಮನಸ್ತಾಪಕ್ಕೆ ಅಲ್ಲಿ ಎಡೆಯಿಲ್ಲ. ಹೊಡೆದಾಟ ಮೊದಲಾದ ಘೋರ ತಪ್ಪುಗಳಿಗೆ ಮುಂದಿನ ಪಂದ್ಯಗಳಲ್ಲಿಯೂ ಬಹಿಷ್ಕಾರ ಅನುಭವಿಸಬೇಕಾಗುತ್ತದೆ. ಹೊರಗಟ್ಟಿದ ಬಳಿಕವೂ ವಾದವನ್ನು ಎಳೆದಾಡಿದವನಿಗೂ ಅದೇ ಗತಿ.

ಓಮಹದಲ್ಲಿ ಆದದ್ದು ಇದೇ. ಷ್ನಾಲ್ ಅವರಿಗೂ ಅವರ ಸಹಾಯಕರಿಗೂ ಎರಡೆರಡು ಪಂದ್ಯಗಳ ನಿಷೇಧ ಬಿದ್ದಿತು. ತಮಗೆ ಎಚ್ಚರಿಕೆ ಏಕೆ ಬಂದಿತೆಂದು ಕೇಳಲೆಂದೇ ತಾವು ಮುಂದೆ ಹೋದುದಾಗಿಯೂ, ಕಾರಣ ತಿಳಿದಾಗ ಅಂಪೈರನು ಮೂರು ಎಸೆತಗಳನ್ನು ತಪ್ಪಾಗಿ ಗುರುತಿಸಿದ್ದಾನೆಂದು ಹೇಳಿದೆವೆಂದೂ ಅವರು ಪಂದ್ಯದ ತರುವಾಯ ವಿವರಿಸಿದರು. ಮುಖ್ಯ ತರಬೇತುದಾರನಿಗೆ ಕಾರಣ ತಿಳಿಯುವ ಹಕ್ಕಿಲ್ಲವೆ ಎಂಬುದು ಅವರ ಪ್ರಶ್ನೆ. ನಿಯಮದ ಅಕ್ಷರವನ್ನು ನೋಡಿದರೆ ಅಂಪೈರನು ಮಾಡಿದ್ದು ಸರಿ: ಎಚ್ಚರಿಕೆಯಾಗಿತ್ತು, ವಾದ ಮುಂದುವರಿಯಿತು. ಆದರೂ ಎಚ್ಚರಿಕೆ ಮುಟ್ಟಬೇಕಾದವರಿಗೆ ಸ್ಪಷ್ಟವಾಗಿ ಮುಟ್ಟಿತೆ, ಹಿಂದಿರುಗಲು ಅರೆಘಳಿಗೆಯ ಅವಕಾಶ ಸಿಕ್ಕಿತೆ ಎಂಬ ಚರ್ಚೆ ಪಂದ್ಯದ ಬಳಿಕವೂ ನಿಲ್ಲಲಿಲ್ಲ. ಬೆಲೆ ತೆತ್ತವರಾದರೋ ವಿದ್ಯಾರ್ಥಿಗಳು. ವರ್ಷದ ಅತಿ ಮುಖ್ಯ ಪಂದ್ಯದ ಉಳಿದ ಭಾಗವನ್ನೆಲ್ಲ ಅವರು ತಮ್ಮ ಗುರುವಿಲ್ಲದೆ ಆಡಬೇಕಾಯಿತು. ಪಂದ್ಯ 5–3ರಿಂದ ಕೈಬಿಟ್ಟಿತು. ಲೂಯಿಸಿಯಾನ ತಂಡ ಎಂಟನೆಯ ಬಾರಿಗೆ ಪಟ್ಟವೇರಿತು. ಗುರುವು ಕಟ್ಟೆಯಲ್ಲೇ ಇದ್ದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೆ? ಹೇಳುವವರಾರು? ಆದರೆ ಆ ಪ್ರಶ್ನೆ ಆ ಹುಡುಗರ ಮನಸ್ಸಿನಿಂದ ಬೇಗನೆ ಅಳಿಯಲಾರದು.

ಈ ಜಗಳದ ಬೇರನ್ನೇ ಕೀಳಲು ಈಗ ಯಂತ್ರದ ನೆರವು ಬಂದಿದೆ. ಅಮೆರಿಕದ ವೃತ್ತಿಪರ ಮೇಜರ್ ಲೀಗ್ 2026ರ ಪಂದ್ಯಗಳಿಂದ ಒಂದು ಹೊಸ ಪದ್ಧತಿಯನ್ನು ತರಲು 2025ರ ಸೆಪ್ಟೆಂಬರಿನಲ್ಲಿ ನಿಶ್ಚಯಿಸಿತು. ಅದರಂತೆ ಪ್ರತಿ ತಂಡವೂ ಅಂಪೈರನ ತೀರ್ಪನ್ನು ಎರಡು ಸಲ ಯಂತ್ರದ ಮುಂದಿಡಬಹುದು. ಸವಾಲು ಸರಿಯೆಂದಾದರೆ ಅದು ಕಳೆದುಹೋಗದು. ಆ ಲೀಗಿನ ಹೊರಗಟ್ಟುವಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬಾಲ್, ಸ್ಟ್ರೈಕುಗಳ ಜಗಳದಿಂದಲೇ ಆಗುತ್ತಿದ್ದವು. ಯಂತ್ರವು ಚೆಂಡಿನ ಜಾಡನ್ನು ಹಿಡಿಯಬಲ್ಲದು. ಸಿಟ್ಟುಗೊಂಡ ಇಬ್ಬರು ಮನುಷ್ಯರ ನಡುವಣ ದೂರವನ್ನು ಅಳೆಯುವುದು ಅದಕ್ಕೆ ಸಾಧ್ಯವಿಲ್ಲ.

ಆ ದೂರವನ್ನು ಮನುಷ್ಯರೇ ದಾಟಿದ ಪ್ರಸಂಗವೊಂದು ಅದೇ ವೃತ್ತಿಪರ ಲೀಗಿನಲ್ಲಿ 2010ರ ಜೂನ್ 2ರಂದು ಡೆಟ್ರಾಯಿಟ್ ನಗರದಲ್ಲಿ ನಡೆಯಿತು. ಅರ್ಮಾಂಡೊ ಗಲಾರಾಗ ಎಂಬ ಪಿಚರ್ ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಗೊಡದೆ 26 ಮಂದಿಯನ್ನು ಸಾಲಾಗಿ ಔಟ್ ಮಾಡಿದ್ದ. ಇನ್ನೊಬ್ಬ ಔಟಾದರೆ ಅದು ‘ಪರಿಪೂರ್ಣ ಪಂದ್ಯ’. 1880ರಿಂದ ಅಂದಿನವರೆಗೆ ಅದನ್ನು ಸಾಧಿಸಿದವರು ಇಪ್ಪತ್ತೇ ಮಂದಿ. ಇಪ್ಪತ್ತೇಳನೆಯವನು ಔಟಾದದ್ದು ನಿಜ. ಆದರೆ ಅಂಪೈರ್ ಜಿಮ್ ಜಾಯ್ಸ್ ಅವನನ್ನು ಔಟಲ್ಲವೆಂದು ಸಾರಿದ. ಯಾವನಾದರೂ ಕೂಗಾಡಬಹುದಾಗಿದ್ದ ಆ ಕ್ಷಣದಲ್ಲಿ ಗಲಾರಾಗ ನಸುನಕ್ಕು ಹಿಂದಿರುಗಿ, ಮುಂದಿನ ಚೆಂಡೆಸೆಯಲು ಸಿದ್ಧನಾದ. ಪಂದ್ಯದ ಬಳಿಕ ಚಿತ್ರವನ್ನು ನೋಡಿ ತನ್ನ ತಪ್ಪನ್ನರಿತ ಜಾಯ್ಸ್ ಅದನ್ನು ಮರೆಮಾಚದೆ ಒಪ್ಪಿಕೊಂಡು ಆಟಗಾರನ ಕ್ಷಮೆ ಕೇಳಿದ.

ಮರುದಿನ ಫಲಕದ ಹಿಂದೆ ನಿಲ್ಲುವ ಸರದಿ ಜಾಯ್ಸನದೇ ಆಗಿತ್ತು. ಪಂದ್ಯಕ್ಕೆ ಮೊದಲು ತಂಡದ ಆಟಗಾರರ ಪಟ್ಟಿಯನ್ನು ಅಂಪೈರನಿಗೆ ತಂದೊಪ್ಪಿಸುವ ಸಂಪ್ರದಾಯವುಂಟು. ಅಂದು ಪಟ್ಟಿಯನ್ನು ಹಿಡಿದು ಬಂದವನು ಗಲಾರಾಗ. ಅದನ್ನು ತೆಗೆದುಕೊಳ್ಳುವಾಗ ಅಂಪೈರನ ಕಣ್ಣಿನಲ್ಲಿ ನೀರಿತ್ತು.