ಹಾಡಿನಿಂದ ಜಡ್ಡು ಹೋಗತೈತೇನು?

ಗದಗಿನ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ದಿನವಾದರೂ ಸಂಗೀತ ಚಿಕಿತ್ಸೆಯ ವ್ಯವಸ್ಥೆ ಆಗಬೇಕು ಎಂದು ನಾನು ಹೇಳಿದಾಗಲೆಲ್ಲ ಕೆಲವು ಮಾತುಗಳು ತಪ್ಪದೆ ಎದುರಾಗುತ್ತವೆ. ಆಡುವವರು ಕೆಟ್ಟವರಲ್ಲ, ಬಹುಪಾಲು ನಮ್ಮವರೇ. ಹಾಗಾಗಿಯೇ ಒಂದೊಂದಕ್ಕೂ ಉತ್ತರ ಕೊಡಬೇಕು ಅನ್ನಿಸಿತು.

‘ಹಾಡಿನಿಂದ ಜಡ್ಡು ಹೋಗತೈತೇನು?’ ಎಲ್ಲರೂ ಮೊದಲು ಕೇಳುವುದು ಇದನ್ನೇ. ಇಂಥ ರಾಗಕ್ಕೆ ಬಿಪಿ ಇಳಿಯುತ್ತದೆ, ಅಂಥ ರಾಗಕ್ಕೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡುವ ಪಟ್ಟಿಗಳನ್ನು ನಾನೂ ನಂಬುವುದಿಲ್ಲ. ಅದನ್ನು ನಂಬಿ ಗುಳಿಗೆ ಬಿಟ್ಟವರ ಜೀವಕ್ಕೇ ಅಪಾಯ. ಸಂಗೀತ ಚಿಕಿತ್ಸೆ ಔಷಧಿಯ ಜಾಗದಲ್ಲಿ ಬರುವುದಲ್ಲ, ಔಷಧಿಯ ಜೊತೆಗೆ ಬರುವುದು. ಹಾಗೆ ಬಂದಾಗ ಅದು ಏನು ಮಾಡಬಲ್ಲದು ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ನಮ್ಮ ದೊಡ್ಡಪ್ಪ ಬೆಟಗೇರಿಯಲ್ಲಿ ಮಗ್ಗ ನೇಯ್ದು ಬದುಕಿದವರು. ಲಕವಾ ಹೊಡೆದು ಬಲಗೈ ಬಿತ್ತು, ಮಾತೂ ನಿಂತಿತು. ನೀರು ಬೇಕಾದರೆ ‘ನೀ… ನೀ…’ ಅನ್ನುತ್ತ ಎಡಗೈಯಿಂದ ಹಾಸಿಗೆ ಬಡಿಯುತ್ತಿದ್ದರು. ಶ್ರಾವಣದ ಒಂದು ಸೋಮವಾರ ಸಂಜೆ ಓಣಿಯ ಗುಡಿಯಲ್ಲಿ ಭಜನೆ ಶುರುವಾಯಿತು. ದೊಡ್ಡಪ್ಪ ಮಲಗಿದಲ್ಲೇ ಇಡೀ ಪಲ್ಲವಿಯನ್ನು ಒಂದಕ್ಷರ ತಪ್ಪದೆ ಹಾಡಿದರು. ದೊಡ್ಡವ್ವ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಓಡಿ ಬಂದಳು. ಭಜನೆ ಮುಗಿಯಿತು. ನೀರು ಕೇಳುವಾಗ ಮತ್ತೆ ಅದೇ ‘ನೀ… ನೀ…’

ಪವಾಡ ಎಂದು ಓಣಿಯವರು ಕೈಮುಗಿದರು. ಅದು ಪವಾಡವಾಗಿರಲಿಲ್ಲ. ಹೆಚ್ಚಿನವರಿಗೆ ಮಾತಿನ ಹಿಡಿತ ಮೆದುಳಿನ ಎಡಭಾಗದಲ್ಲಿರುತ್ತದೆ. ಹಾಡಿಗೆ ಎರಡೂ ಭಾಗ ದುಡಿಯುತ್ತವೆ. ಎಡಭಾಗ ಪೆಟ್ಟು ತಿಂದರೂ ಹಾಡು ಉಳಿಯಬಹುದು. ಇದನ್ನೇ ಹಿಡಿದು ಅಮೆರಿಕದ ತಜ್ಞರು 1973ರಲ್ಲಿ ಒಂದು ಪದ್ಧತಿಯನ್ನು ಮುಂದಿಟ್ಟರು. ‘ನೀರು ಕೊಡು’ ಎಂಬಂಥ ಚಿಕ್ಕ ಮಾತನ್ನು ರೋಗಿಯ ಎಡಗೈಯಿಂದ ತಾಳ ಹಾಕಿಸುತ್ತ ರಾಗವಾಗಿ ಹೇಳಿಸುವುದು, ದಿನ ಕಳೆದಂತೆ ರಾಗವನ್ನು ಸಡಿಲಿಸಿ ಮಾತನ್ನು ಉಳಿಸುವುದು. ಎಲ್ಲರಿಗೂ ಇದು ಫಲಿಸುವುದಿಲ್ಲ. ದೊಡ್ಡಪ್ಪನಿಗೆ ಫಲಿಸುತ್ತಿತ್ತೋ ಇಲ್ಲವೋ, ಯಾರೂ ಪ್ರಯತ್ನಿಸಲೇ ಇಲ್ಲ. ಹಾಗೊಂದು ದಾರಿ ಇದೆಯೆಂದು ನಮಗೆ ಹೇಳಿದವರೂ ಇರಲಿಲ್ಲ.

‘ಹಾಡು ಮೊಬೈಲಿನಾಗ ಕೇಳಿದ್ರಾತು, ಅದಕ್ಕೊಬ್ಬ ತಜ್ಞ ಯಾಕ?’ ಎನ್ನುವವರಿಗೂ ಉತ್ತರ ಅಲ್ಲೇ ಇದೆ. ಭಜನೆ ದೊಡ್ಡಪ್ಪನ ಬಾಯಿ ತೆರೆಸಿತು. ಆದರೆ ಪಲ್ಲವಿಯಿಂದ ‘ನೀರು ಕೊಡು’ವರೆಗೆ ಕೈಹಿಡಿದು ನಡೆಸಲು ಕಲಿತವರೇ ಬೇಕು. ಪಾರ್ಕಿನ್ಸನ್ ಆದವರು ಹೆಜ್ಜೆ ಎತ್ತಲಾರದೆ ನಿಂತಾಗ ಹೊರಗಿನ ತಾಳ ಅವರ ನಡಿಗೆಗೆ ಆಸರೆಯಾಗುತ್ತದೆ. ಆ ತಾಳದ ವೇಗವನ್ನು ಅವರವರ ಹೆಜ್ಜೆಗೆ ಹೊಂದಿಸಬೇಕು. ಆಟಿಸಂ ಇರುವವರ ಬಗ್ಗೆ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೊಕ್ರೇನ್ ಸಮೀಕ್ಷೆ 2022ರಲ್ಲಿ ಪ್ರಕಟವಾಯಿತು. ಸಂಗೀತ ಚಿಕಿತ್ಸೆಯಿಂದ ಒಟ್ಟಾರೆ ಸುಧಾರಣೆಯ ಸಾಧ್ಯತೆ ಹೆಚ್ಚುತ್ತದೆ ಎಂಬುದು ಅದರ ತೀರ್ಮಾನ. ಅದು ಪರಿಶೀಲಿಸಿದ್ದು ಮಗುವಿನ ಮುಂದೆ ಮೊಬೈಲ್ ಇಟ್ಟು ಹೋಗುವುದನ್ನಲ್ಲ, ತರಬೇತಿ ಪಡೆದವರು ಎದುರು ಕೂತು ನುಡಿಸಿ, ಕಾದು, ಮರುದನಿ ಪಡೆಯುವುದನ್ನು.

‘ಶಾಸ್ತ್ರೀಯ ಸಂಗೀತ ತಿಳಿದವರಿಗಷ್ಟೇ ಇದು’ ಎಂಬ ಮಾತೂ ಸರಿಯಲ್ಲ. ಲಕವಾ ಆದವರ ಬಗ್ಗೆ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳು ಎರಡು ತಿಂಗಳು ದಿನಕ್ಕೊಂದು ತಾಸು ತಮಗೆ ಇಷ್ಟವಾದ ಹಾಡುಗಳನ್ನೇ ಕೇಳಿದರು. ಉಳಿದವರಿಗಿಂತ ಅವರ ಮಾತಿನ ನೆನಪು, ಗಮನ ಹೆಚ್ಚು ಚೇತರಿಸಿಕೊಂಡವು. ಮುಂಡರಗಿಯ ಅಜ್ಜಿಗೆ ಬೀಸುವ ಕಲ್ಲಿನ ಪದ, ಶಿರಹಟ್ಟಿಯ ಹಿರಿಯರಿಗೆ ಅಲಾಯಿ ಹಬ್ಬದ ಪದ, ಲಕ್ಷ್ಮೇಶ್ವರದ ಹುಡುಗನಿಗೆ ರಾಜಕುಮಾರರ ಸಿನಿಮಾ ಹಾಡು. ಯಾವುದೂ ಕಡಿಮೆಯದಲ್ಲ.

ನನ್ನನ್ನು ನೋಯಿಸಿದ ಮಾತು ಒಂದಿದೆ: ‘ಪುಣ್ಯಾಶ್ರಮದಾಗ ಇಷ್ಟು ವರ್ಷ ಹಾಡ್ಯಾರ, ಯಾರಿಗೆ ಕಣ್ಣು ಬಂತು?’ ಯಾರಿಗೂ ಬರಲಿಲ್ಲ. ವೀರೇಶ್ವರ ಪುಣ್ಯಾಶ್ರಮ ಆಸ್ಪತ್ರೆಯೂ ಅಲ್ಲ, ಅಲ್ಲಿ ನಡೆಯುವುದು ಚಿಕಿತ್ಸೆಯೂ ಅಲ್ಲ, ವಿದ್ಯೆ. ಆದರೆ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಪುಟ್ಟರಾಜರನ್ನು ಬೆಳೆಸಿದರು. 1944ರಲ್ಲಿ ಗುರು ಲಿಂಗೈಕ್ಯರಾದ ಮೇಲೆ ಪುಟ್ಟರಾಜರು 2010ರವರೆಗೆ ಅಂಧರಿಗೆ, ಅನಾಥರಿಗೆ ಜಾತಿ ಕೇಳದೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. ಮನೆಯವರು ಮೂಲೆಯಲ್ಲಿ ಕೂರಿಸಿದ್ದ ಮಗು ಹಾರ್ಮೋನಿಯಂ, ತಬಲಾ ಕಲಿತು, ಕೀರ್ತನೆ ಹೇಳಿ ಸಂಸಾರ ಸಾಕುವಂತಾಯಿತು. ಒಬ್ಬ ಮನುಷ್ಯನಿಗೆ ಸಂಗೀತ ಏನು ಮಾಡಬಲ್ಲದು ಎಂದು ಕೇಳುವ ಗದಗಿನವರು ಬೇರೆಲ್ಲೂ ಹೋಗಬೇಕಾಗಿಲ್ಲ.

‘ಮೊದಲು ಡಾಕ್ಟರು, ಆಮೇಲೆ ಹಾಡು’ ಎಂಬುದನ್ನು ಒಪ್ಪುತ್ತೇನೆ. ಆದರೆ ಇದಕ್ಕೆ ಬೇಕಾದದ್ದು ಒಂದು ಶಾಂತವಾದ ಕೋಣೆ, ಹಾರ್ಮೋನಿಯಂ, ತಾಳ ಮತ್ತು ತರಬೇತಾದ ಒಬ್ಬರು. ಡಾಕ್ಟರ ಪಾಲನ್ನು ಇದು ಕಸಿಯುವುದಿಲ್ಲ.

ನಿಮ್ಮ ಮನೆಯಲ್ಲೂ ಲಕವಾದಿಂದ ಮಾತು ಕಳೆದುಕೊಂಡವರಿದ್ದರೆ ಇವತ್ತು ಸಂಜೆ ಅವರ ಪಕ್ಕ ಕೂತು, ಅವರಿಗೆ ಬಾಯಿಪಾಠವಿದ್ದ ಹಾಡಿನ ಮೊದಲ ಸಾಲು ಹಾಡಿ. ಸ್ವಲ್ಪ ಹೊತ್ತು ಕಾಯಿರಿ. ಎರಡನೆಯ ಸಾಲು ಅವರ ಬಾಯಿಂದ ಬಂದರೆ ಅದನ್ನು ಮರುದಿನವೇ ಡಾಕ್ಟರಿಗೆ ತಿಳಿಸಿ.